ಎರಡನೆಯ ದಾರ

ನರೀನಿನ ಮೇಲಿನ ಹುಲ್ಲುಗಾವಲಿಗೆ
ನನ್ನ ಹಳೆಯ ಜೀಪು ಎರಡು ಸಲ ಕೆಮ್ಮಿ ಹತ್ತುತ್ತದೆ.
ಹಿಂದಿನ ಸೀಟಿನಲ್ಲಿ ತಕ್ಕಡಿ, ಲಸಿಕೆಯ ಡಬ್ಬಿ,
ಗೆರೆ ಎಳೆದ ದಪ್ಪ ರಿಜಿಸ್ಟರು:
ಕತ್ತು ನಿಂತದ್ದು, ಮಗುಚಿದ್ದು, ಕೂತದ್ದು, ನಡೆದದ್ದು.
ಒಂದೊಂದಕ್ಕೂ ಒಂದು ಮನೆ, ಮನೆಯೊಳಗೊಂದು ಅಂಕಿ.

ಗುಲ್ಜಾತಳ ಅವಳಿಗಳಿಗೆ ಎದುರುಬದುರು ಪುಟ.
ಬಾತ್ಮಾ: ಹತ್ತು ತಿಂಗಳು, ಶಾಯಿಯಲ್ಲಿ.
ಜೂರಾ: ಖಾಲಿ.
ಖಾಲಿಯ ಪಕ್ಕ ನನ್ನ ಪೆನ್ಸಿಲಿನ ಚುಕ್ಕೆ,
ಅದರ ಪಕ್ಕ ಮುಂದಿನ ತಿಂಗಳ ಚುಕ್ಕೆ,
ಇರುವೆಸಾಲು.

ಬಾತ್ಮಾಳ ದಾರ ಕತ್ತರಿಸಿದ್ದು ಜನವರಿಯ ಹಿಮದಲ್ಲಿ.
ಕರಿಯುಣ್ಣೆ ಬಿಳಿಯುಣ್ಣೆ ಹೊಸೆದು
ಕಾಲಿಗೆ ಕಾಲು ಬೆಸೆದು ಕಟ್ಟಿ ನಿಲ್ಲಿಸಿದರು.
ಬೀದಿಯ ಕೊನೆಯಿಂದ ಹುಡುಗರು ಓಡಿಬಂದರು,
ಮೊದಲು ಮುಟ್ಟಿದವನ ಕೈಗೆ ಕತ್ತರಿ,
ಅವನ ಓಟ ಇವಳ ಕಾಲಿಗಿಳಿಯಲಿ ಅಂತ.
ಕಚಕ್.
ಜೂರಾ ಕಂಬಳಿಯ ಮೇಲೆ ಕೂತು
ಬಿದ್ದ ದಾರದ ತುಂಡು ಚೀಪಿದಳು.

ಅಂಬೆಗಾಲೂ ಇಡಲಿಲ್ಲ ಅವಳು.
ಕುಂಡಿ ಎಳೆದೇ ಡೇರೆಯೆಲ್ಲ ಸುತ್ತಿದಳು:
ಎಡಗಾಲು ಹುಟ್ಟು, ನೆಲ ಹೊಳೆ.
ದಾರಿಯಲ್ಲಿ ಕಂಡದ್ದಕ್ಕೆಲ್ಲ ಹೆಸರು ಹಿಡಿದು ಕರೆದಳು:
ಕುದುರೆ, ಕೆಟಲು, ಹೊಗೆ, ಅಜ್ಜಿಯ ಚಿನ್ನದ ಹಲ್ಲು.
ಓಡುವವಳ ಬಾಯಲ್ಲಿ ಇನ್ನೂ ಒಂದು ಮಾತಿಲ್ಲ.
ಅದನ್ನು ಯಾರೂ ಎಣಿಸಲಿಲ್ಲ.

ಹೊರಗೆ ಹಾಲು ಕರೆಯುವವರು ಎಣಿಸಿದ್ದು ಬೇರೆ:
"ಹುಟ್ಟುವಾಗಲೂ ಎರಡನೆಯವಳೇ ಬಿಡು."
ಗುಲ್ಜಾತ್ ಕೇಳಿಸದವಳಂತೆ ಬಕೆಟ್ಟು ತೊಳೆದಳು,
ತೊಳೆದದ್ದನ್ನೇ ಮತ್ತೆ ತೊಳೆದಳು.

ಸೊಂಟದ ಕೀಲು ತಿರುಗಿಸಿ ನೋಡಿದೆ,
ಮಂಡಿಗೆ ಪುಟ್ಟ ಸುತ್ತಿಗೆ ತಟ್ಟಿದೆ,
ಕಿವಿಯ ಹಿಂದೆ ಚಮಚ ಬಡಿದೆ.
ಏನೂ ಇಲ್ಲ ಅಂದೆ.
ಏನೂ ಇಲ್ಲ ಅನ್ನುವುದು
ಯಾವ ತಾಯಿಗೆ ತಾನೇ ಉತ್ತರ?

ನನ್ನ ಮಗ ಒಂಬತ್ತರಲ್ಲೇ ನಡೆದ, ಗುಲ್ಜಾತ್.
ಇಡೀ ಆಸ್ಪತ್ರೆಗೆ ಮಿಠಾಯಿ ಹಂಚಿದ್ದೆ.
ಈಗ ಬ್ರೆಡ್ಡು ತರಲಿಕ್ಕೂ ಟ್ಯಾಕ್ಸಿ ಹಿಡಿಯುತ್ತಾನೆ.
ಅವಳು ನಕ್ಕಳು, ಅರ್ಧ.

ಮುದುಕಿ ಸಾಯ್ರಕನ್ ಮಾತ್ರ
ಕುಮಿಸಿನ ಚರ್ಮದ ಚೀಲ ಕಡೆಯುತ್ತ ಅಂದಳು:
"ಕುದುರೆಮರಿ ಹುಟ್ಟಿದ ತಾಸಿಗೇ ಓಡುತ್ತೆ, ಯಾಕೆ ಹೇಳು?
ಆಚೆ ತೋಳ ಕಾದಿರುತ್ತೆ.
ಇವಳನ್ನು ಯಾರಮ್ಮ ಅಟ್ಟಿಕೊಂಡು ಬರ್ತಿದಾರೆ,
ನಿನ್ನ ರಿಜಿಸ್ಟರು ಬಿಟ್ಟರೆ?"

ಸೆಪ್ಟೆಂಬರಿನಲ್ಲಿ ಮತ್ತೆ ಹತ್ತಿದೆ.
ಉಳಿದ ಡೇರೆಗಳೆಲ್ಲ ಕೆಳಗಿಳಿದಾಗಿತ್ತು,
ಹುಲ್ಲಿನ ಮೇಲೆ ಅವುಗಳ ಹಳದಿ ವೃತ್ತ.
ಮೊದಲ ಹೆಜ್ಜೆ ಯಾರೂ ನೋಡಲಿಲ್ಲವಂತೆ.
ಎಲ್ಲರೂ ಹಗ್ಗ ಬಿಚ್ಚುತ್ತಿದ್ದರಂತೆ,
ಬೆನ್ನ ಹಿಂದೆ ಧ್ವನಿಯೊಂದು: "ಬಂದೆ."
ತಿರುಗಿದರೆ ಜೂರಾ, ನಿಂತು,
ಕೈಯಲ್ಲಿ ಕೆಟಲಿನ ಮುಚ್ಚಳ.
ಬಾತ್ಮಾ ನೋಡಿರಬಹುದು. ಅವಳಿಗೆ ಹೇಳಲು ಬಾರದು.

ಎರಡನೆಯ ದಾರ ಪೆಟ್ಟಿಗೆಯಿಂದ ಹೊರಬಂತು,
ಜನವರಿಯಲ್ಲೇ ಹೊಸೆದಿಟ್ಟದ್ದು, ನುಸಿಗುಳಿಗೆಯ ವಾಸನೆ.
ಓಡಲು ಮಕ್ಕಳಿಲ್ಲ. ಇರುವವಳೊಬ್ಬಳೇ.
ಬಾತ್ಮಾಳನ್ನು ಬಂಡೆಯ ಬಳಿ ಬಿಟ್ಟುಬಂದರು.
ಓಡು ಅಂದರು. ಓಡಿದಳು,
ಬಾಣದ ಹಾಗೆ, ಅರ್ಧ ದಾರಿ.
ಅಲ್ಲಿ ಒಂದು ಜೀರುಂಡೆ ಸಿಕ್ಕಿತು.
ಕುಕ್ಕರುಗಾಲಲ್ಲಿ ಕೂತಳು.

ಕಟ್ಟಿದ ಕಾಲಿನ ಜೂರಾ ಕಾದಳು.
ಮುದುಕಿ ಕಾದಳು, ಸೆರಗಿನಲ್ಲಿ ಕತ್ತರಿ.
ಗುಲ್ಜಾತ್ ಬಾಯಿ ತೆರೆದಳು, ಮುಚ್ಚಿದಳು.
ಜೀಪಿನ ಮೇಲೆ ಬಿಸಿಲು ಸರಿಯಿತು,
ಕಣಿವೆಯಲ್ಲಿ ಮೋಡ ಏಳುತ್ತಿತ್ತು,
ಕತ್ತಲಾಗುವುದರೊಳಗೆ ನಾನು ಇಳಿಯಬೇಕಿತ್ತು.

ಪೆನ್ಸಿಲು ಕಿವಿಗೆ ಸಿಕ್ಕಿಸಿ
ನಾನೂ ಹುಲ್ಲಿನ ಮೇಲೆ ಕೂತೆ.
ಜೀರುಂಡೆಗೆ ಇನ್ನೂ ಬಹಳ ದೂರವಿತ್ತು.