ಇದನ್ನು ಬರೆಯಬೇಡ

ಕೂತ್ಕೋ ಲಿಂಬಿಕಾನಿ, ಹಲಗೆ ತೊಡೆ ಮೇಲಿಟ್ಟುಕೋ,
ಟಾರ್ಚಿನಲ್ಲಿ ಬೆಳಕು ಇರುವಷ್ಟರಲ್ಲಿ ಮುಗಿಸೋಣ.
ಬರೆ: ಪ್ರೀತಿಯ ಮಾರೆನ್‌ಗೆ,
ಫಲೋಂಬೆಯಿಂದ ಗಂಜಿ ಕಾಯಿಸುವ ಫನೆಸಿ ಅಜ್ಜಿ ಹೇಳಿ ಬರೆಸಿದ್ದು.
ನಿನ್ನ ಕಾಗದ ತಲುಪಿತು. ಪೆನ್ಸಿಲುಗಳೂ ತಲುಪಿದವು.
ನೂರಿಪ್ಪತ್ತರಲ್ಲಿ ಎಂಬತ್ತು.
ಉಳಿದವು ಯಾರ ಜೇಬು ಸೇರಿದವೋ...
ಇದನ್ನು ಬರೆಯಬೇಡ.

ನಿಮ್ಮಪ್ಪ ಶಾಲೆಯ ಗೋಡೆಗೆ ಬರೆದ ಭೂಪಟ ಇನ್ನೂ ಇದೆ.
ಸಮುದ್ರದ ನೀಲಿ ಮಾತ್ರ ಕೆಳಗೆಲ್ಲ ಸವೆದಿದೆ,
ಮಕ್ಕಳು ಅಲ್ಲೇ ಒರಗಿ ಗಂಜಿಗೆ ಕಾಯುತ್ತಾರೆ.
ನಮ್ಮೂರು ಎಲ್ಲಿ ಎಂದರೆ
ಮೇಷ್ಟ್ರು ಒಂದು ಮೊಳೆಯ ತೂತು ತೋರಿಸುತ್ತಾರೆ.

ಆಗ ಜುಲೈ. ಮೊಜಾಂಬಿಕ್ ಕಡೆಯಿಂದ ಚಿಪೆರೋನಿ ಬೀಸಿ
ಮುಲಾಂಜೆ ಬೆಟ್ಟವೇ ಮೂರು ದಿನ ಕಾಣೆ.
ನೀವು ನಾಲ್ವರು ಇಳಿದಿರಿ, ತೆಳು ಅಂಗಿ, ಚಡ್ಡಿ,
ಕೈಯಲ್ಲಿ ಬಿಸಿಲಿಗೆ ಹಚ್ಚುವ ಬಿಳಿ ಮುಲಾಮು.
ಆಫ್ರಿಕ ಅಂದರೆ ಸೆಖೆ ಎಂದು ಯಾರೋ ಹೇಳಿದ್ದರಂತೆ.
ನಿನ್ನ ತಮ್ಮ ಟೋರ್‌ನ ಹಲ್ಲು ಕಟಕಟ.
ಎನೆಲೆಸಿ, ಹಸಿ ಬಾಣಂತಿ, ಕಂಬಳಿ ತಂದು ಹೊದಿಸಿದಳು.
ಅವಳ ಮನೆಯಲ್ಲಿ ಇದ್ದದ್ದು ಅದೊಂದೇ.
ಬೇಡ, ಅದು ಬೇಡ.
ಕಂಬಳಿ ಬೆಚ್ಚಗಿತ್ತೇ ಎಂದು ಕೇಳು, ಸಾಕು.

ನಿಮ್ಮಮ್ಮ ಪುಸ್ತಕ ಹಿಡಿದು ಮನೆಮನೆಗೂ ಬಂದು
ನೆಲದ ಮೇಲೆ ಕೂತು ಕೇಳಿದಳು, ಏನು ಬೇಕು?
ಮದ್ದು ಅಂದೆವು, ಚೆಂಡು ಅಂದೆವು, ಬೆಂಚು ಅಂದೆವು.
ಬಂದವರ ಪುಸ್ತಕದಲ್ಲಿ ಯಾವುದಕ್ಕೆ ಜಾಗವಿರುತ್ತದೆ
ಎಂಬುದು ಇಷ್ಟು ವರ್ಷದಲ್ಲಿ ನಮಗೂ ಗೊತ್ತಾಗಿದೆ.
ನಾನು ಮಾತ್ರ ಪಂಪಿನ ವಿಷಯ ಎತ್ತಿದೆ:
ಒಳಗಿನ ರಬ್ಬರು ಬಳೆ ಮಾರ್ಚಿನಿಂದ ಸವೆದಿದೆ,
ಕೂಸಿನ ಕೈಬಳೆಯಷ್ಟಗಲ, ಅಷ್ಟೇ, ಒಂದು.
ದುಭಾಷಿ ಹುಡುಗ ಅಷ್ಟನ್ನೂ ‘ನೀರು’ ಎಂದ.
ನಿಮ್ಮಮ್ಮ ‘ನೀರು’ ಎಂದು ಬರೆದುಕೊಂಡು ಕಣ್ಣೊರೆಸಿಕೊಂಡಳು.
ಇದನ್ನು...
ಇರು, ಯೋಚಿಸುತ್ತೇನೆ.

ನೀನು ಏನೂ ಕೇಳಲಿಲ್ಲ. ಹನ್ನೊಂದರ ಹುಡುಗಿ,
ನಮ್ಮ ಹಿಂದೆಯೇ ಹಳ್ಳಕ್ಕೆ ಬಂದೆ, ಬಕೆಟ್ ಹೊತ್ತೆ,
ನಾಲ್ಕು ಹೆಜ್ಜೆಗೆ ಅರ್ಧ ನೀರು ನಿನ್ನ ಬೆನ್ನೊಳಗೆ.
ಹೊಟ್ಟೆ ಹಿಡಿದು ನಕ್ಕೆವು. ನೀನೂ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ.
ನನ್ನ ಚಿತೇಂಜೆಯ ಅಂಚು ಹರಿದು, ಹೊಸೆದು,
ಸಿಂಬೆ ಸುತ್ತಿ ನಿನ್ನ ನೆತ್ತಿಗಿಟ್ಟೆ.
ಕಾಲು ನೋಡಬೇಡ, ದಾರಿಯ ತುದಿ ನೋಡು ಎಂದೆ.
ನನ್ನ ಮಾತು ನಿನಗೆ ಬಾರದು, ಆದರೂ ಕತ್ತು ನೆಟ್ಟಗಾಯಿತು.
ಆ ಸಂಜೆ ಗಂಜಿಯ ಹಂಡೆಗೆ ನೀನು ಸುರಿದದ್ದು
ಮೂರು ಚೊಂಬು. ಎಣಿಸಿದ್ದೇನೆ.
ಇದನ್ನು ದಪ್ಪ ಅಕ್ಷರದಲ್ಲಿ ಬರೆ.

ಸಿಂಬೆಯಲ್ಲಿ ಈಗ ನಿನ್ನ ಬೆಕ್ಕು ಮಲಗುತ್ತದಂತೆ.
ಮಲಗಲಿ. ಬೆಕ್ಕಿಗೂ ತೂಕವಿದೆ.

ಟೋರ್ ಮರೆತುಹೋದ ಒಂಟಿ ಚಪ್ಪಲಿ ವೈಸನ್‌ಗೆ ಸಿಕ್ಕಿತು.
ಬ್ಲೇಡಿನಲ್ಲಿ ಅದರ ಅಟ್ಟೆ ದುಂಡಗೆ ಕೊಯ್ದು
ಪಂಪಿಗೆ ಕೂರಿಸಿದ.
ಹತ್ತೊಂಬತ್ತು ದಿನ ನೀರು ಬಂತು, ಮಾರೆನ್!
ಹತ್ತೊಂಬತ್ತು ದಿನ ಹೆಣ್ಣುಮಕ್ಕಳು
ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿದ್ದರು.
ಇಪ್ಪತ್ತನೆಯ ದಿನ ಪಂಪು ಎರಡು ಸಲ ಕೆಮ್ಮಿತು.
ನಾವು ಬಕೆಟ್ ಎತ್ತಿಕೊಂಡು ಹಳ್ಳದ ದಾರಿ ಹಿಡಿದೆವು.

ನಿನ್ನ ತಮ್ಮನನ್ನು ಕೇಳು,
ಇನ್ನೊಂದು ಕಾಲಿನದು ಇದೆಯೇ?
ನಗುತ್ತೀಯೇನೋ ಪೋರ? ನಗು, ಆದರೆ ಬರೆ.
ಇಗೋ, ಸವೆದ ಹಳೆಯ ಬಳೆ. ಕಾಗದದ ಮೇಲೆ ಇಡು,
ಅವಳೇ ಕಳಿಸಿದ ಪೆನ್ಸಿಲಿನಲ್ಲಿ ಸುತ್ತ ಗೀಟೆಳೆ,
ಒಳಗೊಂದು, ಹೊರಗೊಂದು, ಗಟ್ಟಿಯಾಗಿ ಒತ್ತಿ.
ಈ ಸಲ ನಡುವೆ ದುಭಾಷಿ ಬೇಡ.

ಟಾರ್ಚು ಕೆಂಪಾಗುತ್ತಿದೆ. ಉಳಿದದ್ದು ನಾಳೆ.
ಎನೆಲೆಸಿಯ ಕೂಸಿಗೆ ಎರಡು ಹಲ್ಲು ಬಂದಿವೆ,
ಅದೊಂದು ಬರೆಸಬೇಕು, ನೆನಪಿಸು.