ಮೂರೂವರೆ ಲೋಟ

ಅಕ್ಟೋಬರಿನ ಮೊದಲ ಶನಿವಾರ. ಅರ್ಪಾ ನದಿಯ ಮಂಜು
ಕೆಂಪು ಬಂಡೆಗಳ ಮೊಣಕಾಲು ಇನ್ನೂ ಬಿಟ್ಟಿರಲಿಲ್ಲ,
ಆಗಲೇ ಬಂದಿದ್ದಳು ಶೋಘಕಾತ್ ಅಜ್ಜಿ
ಸೇಬಿನ ಪೆಟ್ಟಿಗೆ ತುಂಬ ಕೋಲಾ ಬಾಟಲಿ ಹೊತ್ತು.
ಒಂದರಲ್ಲೂ ಕೋಲಾ ಇರಲಿಲ್ಲ.

ವೈನ್ ಹಬ್ಬದ ಸಮಿತಿಯ ಹುಡುಗ ತೊರ್ಗೋಮ್,
ಕೊರಳಲ್ಲಿ ಗುರುತಿನ ಚೀಟಿ,
'ಇವತ್ತು ಪ್ಲಾಸ್ಟಿಕ್ ಆಗದು ಅಜ್ಜಿ. ಗಾಜು. ಗಾಜಿಗೊಂದು ಲೇಬಲ್ಲು' ಎಂದ.
ಮೂವತ್ತು ಖಾಲಿ ಹಸಿರು ಬಾಟಲಿ ಕೊಟ್ಟ, ಆಲಿಕೆ ಕೊಟ್ಟ,
ಬರೆಯುವುದಕ್ಕೆ ನನ್ನನ್ನು ಕೊಟ್ಟ:
ಊರ ಶಾಲೆಯಲ್ಲಿ ಮೂವತ್ತೊಂದು ವರ್ಷ
ಮಕ್ಕಳ ಕೈಹಿಡಿದು ತಿದ್ದಿಸಿದವನು,
ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ
ಸಿಕ್ಕಿಬಿದ್ದವನು.

ಹೆಸರು? ಎಂದೆ.
'ವೈನಿಗೆ ಹೆಸರೇ? ಹಸುವಿಗಿದೆ, ಬೇಕಾದರೆ ಬರಕೋ.'
ಯಾವ ವರ್ಷದ್ದು?
'ಆಲಿಕಲ್ಲು ಬಿದ್ದ ವರ್ಷದ್ದು.'
ಆಲಿಕಲ್ಲು ಪ್ರತಿ ವರ್ಷವೂ ಬೀಳುತ್ತದೆ ಅಜ್ಜಿ.
'ಜರ್ದಾಳು ಹೂಬಿಟ್ಟ ಮೂರನೇ ದಿನ
ಹಿತ್ತಲ ತಗಡು ತೂತಾಯಿತಲ್ಲ, ಅದು.'
ಮದ್ಯಸಾರ ಶೇಕಡ ಎಷ್ಟು?
ಆ ಜಾಗ ಖಾಲಿ ಬಿಡುವಂತಿಲ್ಲ ಎಂದಿದ್ದ ತೊರ್ಗೋಮ್.
ಅಜ್ಜಿ ಯೋಚಿಸಿದಳು. ಆಲಿಕೆಯಿಂದ ಹೆಬ್ಬೆರಳಿಗೆ
ಇಳಿದ ಹನಿ ನೆಕ್ಕಿದಳು.
'ನನ್ನ ಮೈದುನ ವಾಘಿನಾಕ್ ಮೂರು ಲೋಟಕ್ಕೆ ಹಾಡುತ್ತಾನೆ,
ನಾಲ್ಕಕ್ಕೆ ಅಳುತ್ತಾನೆ. ನಡುವೆ ಎಲ್ಲೋ ಇದೆ, ಹಾಕು.'
ಹಾಕಿದೆ: ಮೂರೂವರೆ ಲೋಟ.
ಮೂವತ್ತು ಸಲ. ದುಂಡಗೆ.

ಹೊತ್ತೇರಿತು. ಡೋಲು ಬಂತು, ಬಸ್ಸುಗಳು ಬಂದವು.
ಎಡಗಡೆ, ಪರದೇಶದಲ್ಲಿ ಓದಿ ಬಂದ ಅಣ್ಣ ತಂಗಿಯ ಮಳಿಗೆ,
ಓಕ್ ಪೀಪಾಯಿ, ಕಪ್ಪು ಏಪ್ರನ್ನು.
ಬಲಗಡೆ ದಾಳಿಂಬೆ ವೈನಿನವನು, ಅಂಟು ನೊಣಗಳೊಂದಿಗೆ.
ನಡುವೆ ಅಜ್ಜಿ, ನೆಲದಲ್ಲಿ ಹೂತ ಗುಡಾಣದ ವಾಸನೆ.

ರಾಜಧಾನಿಯಿಂದ ಬಂದ ಪರಿಣತನೊಬ್ಬ
ಲೋಟ ತಿರುಗಿಸಿದ, ಬಿಸಿಲಿಗೆ ಹಿಡಿದ,
ಬಾವಿಗೆ ಪಾತಾಳಗರಡಿ ಬಿಟ್ಟವರ ಹಾಗೆ
ಮೂಗು ಇಳಿಬಿಟ್ಟು ತಡಕಾಡಿದ. ಮುಕ್ಕಳಿಸಿದ.
ಬಕೆಟ್ಟಿಗೆ ಉಗುಳಿದ.
ಬರೆದುಕೊಂಡ: ಚರ್ಮ, ಒಣ ಅಂಜೂರ, ಹೊಗೆಸೊಪ್ಪು, ಒದ್ದೆ ಕಲ್ಲು.
ನಮ್ಮ ಬಾಯಲ್ಲಿ ಅದಕ್ಕೆಲ್ಲ ಒಂದೇ ಮಾತು:
ಒಗರು.

ಅಜ್ಜಿ ಬಕೆಟ್ಟನ್ನೇ ನೋಡುತ್ತಿದ್ದಳು.
'ಉಗುಳುವವನು ಬಾಯಿಗೆ ಯಾಕೆ ಹಾಕಿಕೊಂಡೆ?'
ಅರವತ್ತೆರಡು ಮಳಿಗೆ ತಾಯಿ, ಎಲ್ಲ ನುಂಗಿದರೆ...
'ಅರವತ್ತೆರಡು ಮನೆಗೆ ಒಂದೇ ದಿನ ಹೋಗು ಅಂದವರು ಯಾರು?'
ಲವಾಶ್ ರೊಟ್ಟಿ ಹರಿದಳು, ಉಪ್ಪು ಚೀಸು ಸುತ್ತಿ ಕೈಗಿಟ್ಟಳು.
ಕೂತ. ತಿಂದ. ಎರಡನೇ ಲೋಟ ನುಂಗಿದ.
ಏನೂ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ, ಲಾರಿ ಹೆದ್ದಾರಿಯಲ್ಲಿ ಬಿಟ್ಟು
ಒಬ್ಬ ಡ್ರೈವರ್ ನಡೆದು ಬಂದ. ದಕ್ಷಿಣದ ಗಡಿ ದಾಟುವವನು,
ವರ್ಷವಿಡೀ ಅವಳ ಗಿರಾಕಿ.
ಹಸಿರು ಗಾಜು ನೋಡಿ ಮುಖ ಸಣ್ಣಗಾಯಿತು.
ನನ್ನ ದುಂಡನೆಯ ಅಕ್ಷರ ನೋಡಿ ಇನ್ನೂ ಸಣ್ಣಗೆ.
ಅಜ್ಜಿ ಆಚೆ ನೋಡಿದಳು, ಈಚೆ ನೋಡಿದಳು,
ತೊರ್ಗೋಮ್ ಎಲ್ಲಿದ್ದಾನೆಂದು ನೋಡಿದಳು.
ಮೇಜಿನ ಬಟ್ಟೆ ಎತ್ತಿದಳು.
ಕೆಳಗೆ ಕೋಲಾ ಬಾಟಲಿಗಳು, ಸಾಲಾಗಿ,
ಬಚ್ಚಿಟ್ಟುಕೊಳ್ಳುವ ಆಟದ ಮಕ್ಕಳ ಹಾಗೆ ಉಸಿರು ಬಿಗಿಹಿಡಿದು.

ಸಂಜೆ ಲೆಕ್ಕ: ಗಾಜಿನವು ಹನ್ನೊಂದು ಹೋಗಿದ್ದವು.
ಬಟ್ಟೆಯ ಕೆಳಗಿನವು ಒಂದೂ ಉಳಿದಿರಲಿಲ್ಲ.
ಬಕೆಟ್ಟು ಎತ್ತಿದೆ, ಬಳ್ಳಿಯ ಬುಡಕ್ಕೆ ಹಾಕೋಣವೆಂದು.
'ಬೇಡ, ಎಂಜಲು. ಅದಕ್ಕೆ ತಿಳಿದರೆ ನೊಂದುಕೊಳ್ಳುತ್ತದೆ.
ರಸ್ತೆಯಂಚಿನ ಅಕ್ರೋಟಿಗೆ ಸುರಿ, ಅದು ಮೊದಲೇ ಕುಡುಕ ಮರ.'

ಕೂಲಿಗೆಂದು ಒಂದು ಬಾಟಲಿ ಕೊಟ್ಟಳು.
ಮನೆಯಲ್ಲಿ, ಬೆರಳ ಶಾಯಿ ತೊಳೆಯದೆಯೇ ಬಿರಡೆ ಕಿತ್ತೆ.
ನಾನು ಹಾಡುವವನಲ್ಲ. ಮೂರು ಮುಗಿದವು,
ನಾಲ್ಕನೆಯದನ್ನು ಅರ್ಧ ಸುರಿದುಕೊಂಡು
ನನ್ನದೇ ಅಕ್ಷರ ಓದುತ್ತ ಕೂತೆ.
ಹೊಳೆಯಾಚೆ ಯಾರೋ ಹಾಡುತ್ತಿದ್ದರು.
ವಾಘಿನಾಕ್ ಇರಬೇಕು.
ಇನ್ನೂ ಮೂರರಲ್ಲಿದ್ದ.