ಕೆಲವೊಮ್ಮೆ

ಮೇಟ್ರನ್ ಕೊಟ್ಟ ಹಾಳೆಯಲ್ಲಿ ಹತ್ತು ಪ್ರಶ್ನೆ, ನಾಲ್ಕು ಚೌಕ:
ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ.
ಹೆಸರು ಬೇಕಿಲ್ಲವಂತೆ. ಆದರೂ ಮೂಲೆಯಲ್ಲಿ
ಪೆನ್ಸಿಲಿನಲ್ಲಿ ವಾರ್ಡು, ಪಾಳಿ ಬರೆದೇ ಕೊಟ್ಟಿದ್ದಾರೆ.

ನಿದ್ದೆ ಹೇಗಿದೆ?
ಕಂಕನಾಡಿಯ ಹಾಸ್ಟೆಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮಲಗುತ್ತೇನೆ.
ಮೀನಿನ ಸ್ಕೂಟರು ಪೋಂ ಪೋಂ ಎನ್ನುತ್ತ ಓಣಿಗೆ ತಿರುಗುತ್ತದೆ,
ಅಷ್ಟರಲ್ಲಿ ನಾನು ಎದ್ದು ನಿಂತಾಗಿದೆ,
ಗೋಡೆಯ ಮೇಲೆ ಮಾನಿಟರಿನ ಗುಂಡಿ ತಡಕುತ್ತ.
ಇದಕ್ಕೆ ಯಾವ ಚೌಕ?

ಕೆಲಸದಲ್ಲಿ ತಪ್ಪು?
ಮೇ ತಿಂಗಳು. ಆ ಪ್ಲಾಸ್ಟಿಕ್ ಅಂಗಿಯೊಳಗೆ ಬೆವರಿಳಿದು
ಬೂಟಿನಲ್ಲಿ ಚಪಚಪ.
ಬೆನ್ನ ಮೇಲೆ ಲವೀನಾ ಮಾರ್ಕರಿನಲ್ಲಿ ಬರೆದಿದ್ದಳು: ಯಶವಂತಿ.
ಮುಖ ಕಾಣದವರು ಬೆನ್ನು ಓದಿ ಕರೆದರು.
ಹನ್ನೊಂದನೇ ಮಂಚದ ಶೀನಣ್ಣ ಮಾತ್ರ ಹೆಸರು ಓದಲಿಲ್ಲ,
ಮಾಸ್ಕು ಸರಿಸಿ ಕೇಳುತ್ತಿದ್ದುದು ಒಂದೇ:
"ಬೋಟ್ ಬತ್ತ್ಂಡಾ ಮಗಾ?"
ಬತ್ತ್ಂಡ್, ಬಂಗುಡೆ ತುಂಬಿಸಿಕೊಂಡು, ಎಂದೆ ಐದು ರಾತ್ರಿ.
ಗಾಳಿಗೆ ಹೆದರಿ ಬೋಟುಗಳೆಲ್ಲ ದಕ್ಕೆಯಲ್ಲೇ ಕಟ್ಟಿದ್ದವು.
ಆರನೆಯ ರಾತ್ರಿ ಎರಡೂವರೆಗೆ ಹೋದರು.
ಮಂಚ ಒರೆಸಿದ್ದು ನಾನೇ, ಚೀಟಿ ಕಟ್ಟಿದ್ದು ನಾನೇ.
ನಾಲ್ಕಕ್ಕೆ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ:
ಮಂಚ ಹನ್ನೊಂದು, ತೊಂಬತ್ತೆರಡು, ಸ್ಥಿರ.
ಲಿಲ್ಲಿ ಸಿಸ್ಟರ್ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು,
ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟರು.
ಬೈದಿದ್ದರೆ ಒಳ್ಳೆಯದಿತ್ತು.

ಅಳು ಬರುತ್ತದೆಯೇ?
ಇಲ್ಲ. ಲೆಕ್ಕ ಬರುತ್ತದೆ.
ಹಂಪನಕಟ್ಟೆಯಲ್ಲಿ ಬಸ್ಸಿನ ಹಣೆಯ ಮೇಲೆ ಇಪ್ಪತ್ತೇಳು,
ಎದೆ ಧಸಕ್ಕೆನ್ನುತ್ತದೆ:
ಇಷ್ಟು ಕಡಿಮೆಗೆ ಯಾರೂ ಉಳಿಯುವುದಿಲ್ಲ.
ಬಸ್ಸು ಬರುತ್ತದೆ, ಕಂಡಕ್ಟರ್ ವಿಸಲು ಊದುತ್ತಾನೆ,
ಜನ ಹತ್ತುತ್ತಾರೆ.

ಯಾವಾಗಲೂ ಎಂದು ಗೀಟಿದರೆ
ನನ್ನನ್ನು ರಾತ್ರಿಯಿಂದ ತೆಗೆಯುತ್ತಾರೆ.
ಆ ಜಾಗಕ್ಕೆ ಲವೀನಾ. ಅವಳ ಮಗುವಿಗೆ ಹತ್ತು ತಿಂಗಳು,
ಕಿಟಕಿಯ ಗಾಜಿನಾಚೆ ನಿಂತ ತಾಯಿಯನ್ನು ಕಂಡು
ಈಗೀಗ ಅಳುವುದನ್ನೂ ಬಿಟ್ಟಿದೆ.

ಹತ್ತಕ್ಕೆ ಹತ್ತೂ, ಕೆಲವೊಮ್ಮೆ.

ಹಾಳೆ ಮಡಚುವ ಮೊದಲು ಕೈ ತಾನಾಗಿ
ಕೆಳಗೆ ಹೊತ್ತು ಬರೆಯಿತು, ಏಳು ಹತ್ತು,
ಅದರ ಪಕ್ಕ: ಸ್ಥಿರ.
ಹೊಡೆದುಹಾಕಲು ಕೆಂಪು ಪೆನ್ನು ಕೇಳಬಹುದಿತ್ತು.
ಲಿಲ್ಲಿ ಸಿಸ್ಟರ್ ಅಲ್ಲೇ ಇದ್ದರು,
ಫ್ಲಾಸ್ಕಿನ ಮುಚ್ಚಳ ತಿರುವುತ್ತ.